ಘನದೊಳಗಿನ ನಾಲ್ಕು ದಾರಗಳು

ಈ ತಂತಿಯ ಘನವನ್ನು ಕೈಗೆತ್ತಿಕೊಳ್ಳಿ. ಎದುರುಬದುರು ಮೂಲೆಗಳ ನಡುವೆ ನಾಲ್ಕು ಬಣ್ಣದ ದಾರಗಳನ್ನು ಬಿಗಿದಿದೆ. ಆರು ಮುಖಗಳಲ್ಲಿ ಯಾವುದನ್ನಾದರೂ ಮೇಲೆ ತಂದು ನಾಲ್ಕು ರೀತಿಯಲ್ಲಿ ತಿರುಗಿಸಿಡಬಹುದು, ಒಟ್ಟು 24 ಬಗೆ. ನಾಲ್ಕು ಬಣ್ಣಗಳನ್ನು ಅದಲುಬದಲು ಮಾಡುವ ಕ್ರಮಗಳೂ ಸರಿಯಾಗಿ 24! ಇಷ್ಟು ಸೊಗಸಾದ ಹೊಂದಾಣಿಕೆ ಗಣಿತದಲ್ಲೂ ಅಪರೂಪ.

1854ರಲ್ಲಿ ಇಂಗ್ಲೆಂಡಿನ ಆರ್ಥರ್ ಕೇಲಿ ‘ಗುಂಪು’ (ಒಂದರ ಹಿಂದೊಂದು ಮಾಡಬಹುದಾದ, ಮತ್ತೆ ಹಿಂದಕ್ಕೂ ತರಬಹುದಾದ ಬದಲಾವಣೆಗಳ ಕೂಟ) ಎಂಬ ಕಲ್ಪನೆಯನ್ನು ಬರಿಯ ಚಿಹ್ನೆಗಳಲ್ಲಿ ನಿರೂಪಿಸಿದರು. ಘನವನ್ನು ತಿರುಗಿಸುವ ಪ್ರತಿ ಬಗೆಯೂ ದಾರಗಳ ಒಂದೊಂದು ಅದಲುಬದಲು; ಹಾಗಾಗಿ ನಾಲ್ಕು ವಸ್ತುಗಳ ಅದಲುಬದಲಿನ ಗುಂಪು ನಿಮ್ಮ ಕೈಯಲ್ಲೇ ಇದೆ.

ಕೆಂಪು ದಾರದ ಎರಡು ತುದಿಯ ಮೂಲೆಗಳನ್ನು ಬೆರಳಲ್ಲಿ ಹಿಡಿದು ಮೂರನೇ ಒಂದು ಸುತ್ತು ತಿರುಗಿಸಿ. ಕೆಂಪು ಕದಲದು, ಉಳಿದ ಮೂರೂ ಒಂದರ ಜಾಗಕ್ಕೆ ಇನ್ನೊಂದು ಬರುತ್ತವೆ. ಹಾಗೆಯೇ ಇನ್ನೆರಡು ಸಲ ತಿರುಗಿಸಿದರೆ ಎಲ್ಲವೂ ಮೊದಲಿನಂತೆ.