ಕೆನ್ನಿ ವಾಷಿಂಗ್ಟನ್ ಕಳೆದುಕೊಂಡ ಆರು ಸೀಸನ್

ಬೇಸ್‌ಬಾಲಿನ ಜಾಕಿ ರಾಬಿನ್ಸನ್ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತು. ಅದೇ ರಾಬಿನ್ಸನ್ ಜೊತೆ ಒಂದೇ ಕಾಲೇಜು ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದ (ನಮ್ಮ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನ ಅವುಚಿಕೊಂಡು ಓಡೋ ಆಟ) ಕೆನ್ನಿ ವಾಷಿಂಗ್ಟನ್ ಬಗ್ಗೆ ಕೇಳಿದವರು ಕಮ್ಮಿ.

1939ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ತಂಡದಲ್ಲಿ ನಾಲ್ವರು ಕಪ್ಪು ಆಟಗಾರರಿದ್ದರು. ಓಟ, ಎಸೆತ ಎರಡೂ ಸೇರಿ ಆ ವರ್ಷ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲ ಸ್ಥಾನ ಕೆನ್ನಿಯವರದ್ದು. ಆದ್ರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಒಂದು ತಂಡವೂ ಅವರನ್ನ ಆರಿಸಿಕೊಳ್ಳಲಿಲ್ಲ.

ಕಪ್ಪು ಜನ ಬೇಡ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ, ನೋಡಿ. 1920ರ ದಶಕದಲ್ಲಿ ಅವರು ಆಡಿದ್ದರು, ಫ್ರಿಟ್ಜ್ ಪೊಲಾರ್ಡ್ ಕೋಚ್ ಕೂಡ ಆಗಿದ್ದರು. 1933ರ ನಂತರ ಹನ್ನೆರಡು ಸೀಸನ್ ಒಬ್ಬರೂ ಇಲ್ಲ. ಬಿಳಿ ಮಾಲೀಕರು ಮಾತ್ರ ನಿಷೇಧವೇ ಇರಲಿಲ್ಲ ಅಂದ್ರು. ಬಾಯಿಮಾತಿನ ಕಟ್ಟುಪಾಡು ಎಷ್ಟು ಗಟ್ಟಿ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಬಾಗಿಲು ತೆರೆದದ್ದು ಮನಸ್ಸು ಕರಗಿ ಅಲ್ಲ. 1946ರಲ್ಲಿ ಕ್ಲೀವ್‌ಲ್ಯಾಂಡ್‌ನ ರ‍್ಯಾಮ್ಸ್ ತಂಡ ಲಾಸ್ ಏಂಜಲೀಸ್‌ಗೆ ಬರಲು ಹೊರಟು ಕೊಲಿಸಿಯಂ ಮೈದಾನ ಕೇಳಿತು. ಅದು ಸಾರ್ವಜನಿಕರ ದುಡ್ಡಲ್ಲಿ ಕಟ್ಟಿದ್ದು. ಕಪ್ಪು ಜನರ ಪತ್ರಿಕೆಯೊಂದರ ಕ್ರೀಡಾ ವರದಿಗಾರ ಹ್ಯಾಲಿ ಹಾರ್ಡಿಂಗ್ ಮೈದಾನದ ಆಯೋಗದ ಸಭೆಯಲ್ಲಿ ಎದ್ದು ನಿಂತರು. ನಮ್ಮ ತೆರಿಗೆಯೂ ಇರೋ ಜಾಗದಲ್ಲಿ ನಮ್ಮವರಿಗೆ ಜಾಗ ಇಲ್ಲವಾ ಅನ್ನೋದು ಅವರ ವಾದ. ಕೆನ್ನಿಯ ಹೆಸರನ್ನೇ ಮುಂದಿಟ್ಟರು. ಮಾರ್ಚ್ 21ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕೆ ಇಳಿಯೋಕೆ ಇನ್ನೂ ಒಂದು ವರ್ಷ ಇತ್ತು.

ಅಷ್ಟರಲ್ಲಿ ಕೆನ್ನಿಗೆ 27. ಸಣ್ಣ ಲೀಗ್‌ಗಳಲ್ಲಿ ಆಡಿ ಆಡಿ ಮೊಣಕಾಲು ಹಾಳಾಗಿತ್ತು. ಆ ಕಾಲಲ್ಲೇ 1947ರಲ್ಲಿ ಚಿಕಾಗೊ ಕಾರ್ಡಿನಲ್ಸ್ ವಿರುದ್ಧ ಒಂದೇ ಓಟದಲ್ಲಿ 92 ಯಾರ್ಡ್ ದಾಟಿ ಟಚ್‌ಡೌನ್ ಹೊಡೆದರು! ಒಳ್ಳೆ ಕಾಲು ಇದ್ದಾಗ ಏನು ಮಾಡ್ತಿದ್ರೋ.

ಕಪ್ಪು ಆಟಗಾರರನ್ನ ಕೊನೆಯವರೆಗೂ ಹೊರಗಿಟ್ಟ ತಂಡ ರಾಜಧಾನಿ ವಾಷಿಂಗ್ಟನ್‌ನದ್ದು. ಅದು 1962ರಲ್ಲಿ ಬಗ್ಗಿದ್ದೂ ಹೀಗೇ: ಹೊಸ ಸ್ಟೇಡಿಯಂ ಕೇಂದ್ರ ಸರ್ಕಾರದ ನೆಲದಲ್ಲಿತ್ತು, ತಾರತಮ್ಯ ಮಾಡಿದರೆ ಅಲ್ಲಿ ಆಟವಿಲ್ಲ ಅಂತ ಕೆನಡಿ ಸಂಪುಟದ ಸ್ಟೂವರ್ಟ್ ಯುಡಾಲ್ ಎಚ್ಚರಿಸಿದ್ದರು.

ಕೆನ್ನಿ 1971ರಲ್ಲಿ, 52ನೇ ವಯಸ್ಸಲ್ಲಿ ತೀರಿಕೊಂಡರು. ಎನ್‌ಎಫ್‌ಎಲ್ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಇರೋದು ಮೂರೇ ಸೀಸನ್: 1946, 47, 48. 1940ರಿಂದ 45ರವರೆಗೆ ಏನೂ ಇಲ್ಲ.