ನಾಲ್ಕು ಜನ ಏನಂತಾರೆ?

ನಮ್ಮ ಮನೆಗಳಲ್ಲಿ ನೀವೆಲ್ಲ ಕೇಳಿ ಬೆಳೆದ ಮಾತೊಂದಿದೆ: "ನಾಲ್ಕು ಜನ ಏನಂತಾರೆ?" ಕಡಿಮೆ ಮಾರ್ಕ್ಸ್ ಬಂದಾಗ, ಕೂದಲಿಗೆ ಬಣ್ಣ ಹಾಕಿಕೊಂಡಾಗ ಅಮ್ಮನೋ ಅಜ್ಜಿಯೋ ಹಾಗೆ ಅಂದಿರುತ್ತಾರೆ. ನೀವು ನಕ್ಕು ಸುಮ್ಮನಾಗಿರುತ್ತೀರಿ. ಆದರೆ ಈ ಒಂದು ಭಯದಿಂದಲೇ ಮಾತ್ರೆ ನುಂಗುವುದನ್ನು ಬಿಟ್ಟು ಪ್ರಾಣ ಕಳೆದುಕೊಂಡ ಮಕ್ಕಳಿದ್ದಾರೆ. ಎಚ್‌ಐವಿಯೊಂದಿಗೆ ಬದುಕುವ ಹದಿಹರೆಯದವರು ಆ ಭಯವನ್ನು ದಾಟಲು ಒಬ್ಬರಿಗೊಬ್ಬರು ಹೇಗೆ ನೆರವಾದರು, ಅದರಲ್ಲಿ ಮೊಬೈಲ್ ಫೋನಿನ ಪಾಲೇನು ಎಂಬುದೇ ಇವತ್ತಿನ ಕಥೆ.

ಕಥೆ ಶುರುವಾಗುವುದು ದಕ್ಷಿಣ ಆಫ್ರಿಕಾದಲ್ಲಿ. ಎನ್ಕೋಸಿ ಜಾನ್ಸನ್ 1989ರಲ್ಲಿ ಹುಟ್ಟಿದ್ದೇ ಎಚ್‌ಐವಿಯೊಂದಿಗೆ. 1997ರಲ್ಲಿ ಅವನ ಸಾಕುತಾಯಿ ಗೇಲ್ ಜಾನ್ಸನ್ ಅವನನ್ನು ಜೋಹಾನ್ಸ್‌ಬರ್ಗ್‌ನ ಶಾಲೆಗೆ ಸೇರಿಸಲು ಹೋದಾಗ ವಿರೋಧ ಎದ್ದಿತು. ತಾಯಿ ಮಗ ಇಬ್ಬರೂ ಬಗ್ಗಲಿಲ್ಲ. ಅವನಿಗೆ ಶಾಲೆ ಸಿಕ್ಕಿತು. ಇಂಥ ಮಕ್ಕಳನ್ನು ಶಾಲೆಯಿಂದ ಹೊರಗಿಡಬಾರದೆಂಬ ನೀತಿಗೂ ಅದು ದಾರಿಯಾಯಿತು. 2000ದ ಜುಲೈನಲ್ಲಿ ಡರ್ಬನ್‌ನ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ, ಸಾವಿರಾರು ಜನರ ಮುಂದೆ, ಹನ್ನೊಂದು ವರ್ಷದ ಆ ಹುಡುಗ ಮೈಕ್ ಹಿಡಿದು ನಿಂತ. ನಮ್ಮನ್ನು ಮುಟ್ಟಿದರೆ ರೋಗ ಬರುವುದಿಲ್ಲ, ನಾವೂ ನಿಮ್ಮ ಹಾಗೆಯೇ ಮನುಷ್ಯರು ಎಂದ. ಮರುವರ್ಷ ಜೂನ್ 1ರಂದು ತೀರಿಕೊಂಡ.

ಎನ್ಕೋಸಿಯ ಧೈರ್ಯ ದೊಡ್ಡದು. ಆದರೆ ಅದಕ್ಕಾಗಿ ಅವನು ತನ್ನ ಹೆಸರು, ಮುಖ, ಕಾಯಿಲೆ ಎಲ್ಲವನ್ನೂ ಲೋಕದ ಮುಂದೆ ಇಡಬೇಕಾಯಿತು. ಎಲ್ಲ ಮಕ್ಕಳಿಂದಲೂ ಅಷ್ಟನ್ನು ಕೇಳುವುದು ನ್ಯಾಯವೇ?

ಈ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು ಔಷಧ ಬಂದ ಮೇಲೆ. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಎಚ್‌ಐವಿ ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿತು. ದಕ್ಷಿಣ ಆಫ್ರಿಕಾ, ಜಿಂಬಾಬ್ವೆಗಳ ಸರ್ಕಾರಿ ಆಸ್ಪತ್ರೆಗಳಲ್ಲೂ ಅದೇ ವರ್ಷ ಚಿಕಿತ್ಸೆ ಶುರುವಾಯಿತು. ಹುಟ್ಟಿನಿಂದಲೇ ವೈರಸ್ ಹೊತ್ತ ಮಕ್ಕಳು ಬದುಕಿ, ಬೆಳೆದು, ಹದಿಹರೆಯಕ್ಕೆ ಕಾಲಿಟ್ಟರು. ಮಾತ್ರೆ ದಿನವೂ ತಪ್ಪದೆ ನುಂಗಿದರೆ ವೈರಸ್ ತಲೆ ಎತ್ತುವುದಿಲ್ಲ. ರಕ್ತಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ದೈಹಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಮತ್ತೆ ಮತ್ತೆ ತಪ್ಪಿಸಿದರೆ ಮಾತ್ರ ಅದು ಔಷಧಕ್ಕೂ ಬಗ್ಗದಂತಾಗುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ನಾಲ್ವರ ಎದುರು ಮಾತ್ರೆಯ ಡಬ್ಬಿ ತೆರೆಯುವುದು ಹೇಗೆ? "ಇದೇನೋ?" ಎಂದು ಯಾರಾದರೂ ಕೇಳಿದರೆ? ಎಷ್ಟೋ ಮಕ್ಕಳು ಆ ಪ್ರಶ್ನೆಗೆ ಹೆದರಿ ಡಬ್ಬಿಯನ್ನೇ ತೆರೆಯಲಿಲ್ಲ.

ಅದೇ 2004ರಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಎಚ್‌ಐವಿ ಇರುವ ಕೆಲವು ಹುಡುಗ ಹುಡುಗಿಯರು ಒಟ್ಟುಗೂಡಿದರು. ಜೊತೆಗೆ ನಿಂತವರು ನಿಕೋಲಾ ವಿಲ್ಲಿಸ್ ಎಂಬ ನರ್ಸ್. ಗುಂಪಿಗೆ 'ಜ್ವಾಂದಿರಿ' ಎಂದು ಹೆಸರಿಟ್ಟರು. ಶೋನಾ ಭಾಷೆಯಲ್ಲಿ ಹಾಗೆಂದರೆ 'ನಾನು ಇರುವ ಹಾಗೆ'. ಮುಂದೆ 18ರಿಂದ 24ರ ವಯಸ್ಸಿನ, ತಾವೂ ಎಚ್‌ಐವಿಯೊಂದಿಗೆ ಬದುಕುವ ಯುವಜನರು ತರಬೇತಿ ಪಡೆದು, ತಮಗಿಂತ ಕಿರಿಯರಿಗೆ ಅಕ್ಕ, ಅಣ್ಣಂದಿರಂತೆ ನೆರವಾದರು.

ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬರತೊಡಗಿತ್ತು. ಫೋನಿನಿಂದ ನೆನಪಿಸಿದರೆ ಸಾಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನಿತಾ ಶೇಟ್ ಮತ್ತು ಸಂಗಡಿಗರು ಇದನ್ನು ದಕ್ಷಿಣ ಭಾರತದಲ್ಲಿ 631 ವಯಸ್ಕರ ಜೊತೆ ಪರೀಕ್ಷಿಸಿದರು. ಅವರಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಯಂತ್ರದ ಕರೆ ಮತ್ತು ಒಂದು ಚಿತ್ರ ಹೋಗುತ್ತಿತ್ತು. 2014ರಲ್ಲಿ ಫಲಿತಾಂಶ ಪ್ರಕಟವಾದಾಗ ತಿಳಿದದ್ದು: ಕರೆ ಬಂದವರಿಗೂ ಬಾರದವರಿಗೂ ಚಿಕಿತ್ಸೆಯ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬರೀ ನೆನಪಿಸಿದರೆ ಸಾಲದು ಎಂದಾಯಿತು.

ಹಾಗಾದರೆ ಇನ್ನೇನು ಬೇಕು? ದಕ್ಷಿಣ ಆಫ್ರಿಕಾದ 'ಖುಲುಮಾ' ಯೋಜನೆಯ ಹೆಸರಿನಲ್ಲೇ ಉತ್ತರವಿದೆ. ಜುಲು ಭಾಷೆಯಲ್ಲಿ ಅದರ ಅರ್ಥ 'ಮಾತಾಡು'. ಹತ್ತರಿಂದ ಹದಿನೈದು ಹದಿಹರೆಯದವರ ಪುಟ್ಟ ಗುಂಪು, ಹೊರಗಿನವರಿಗೆ ಪ್ರವೇಶವಿಲ್ಲ. ಫೋನಿನಲ್ಲಿ ಸಂದೇಶಗಳ ಮೂಲಕವೇ ಮಾತುಕತೆ. ಹುಡುಗನಿಗೆ ಹೇಳಬೇಕೇ ಬೇಡವೇ, ಅಮ್ಮ ಇಷ್ಟು ದಿನ ಯಾಕೆ ಮುಚ್ಚಿಟ್ಟಳು ಎಂಬಂಥ, ಡಾಕ್ಟರ ಎದುರು ಬಾಯಿಗೆ ಬಾರದ ಪ್ರಶ್ನೆಗಳನ್ನು ಹಾಕಲು ಇಂಥ ಗುಂಪಿನಲ್ಲಿ ಜಾಗವಿರುತ್ತದೆ. ಎನ್ಕೋಸಿಯ ಹಾಗೆ ವೇದಿಕೆ ಹತ್ತಬೇಕಿಲ್ಲ. ಊರಿಗೆಲ್ಲ ಹೆಸರು ಹೇಳದೆಯೂ ಗೆಳೆಯರು ಸಿಗುತ್ತಾರೆ.

ಇದರಿಂದ ನಿಜವಾಗಿ ಪ್ರಯೋಜನವಾಗುತ್ತದೆಯೇ? ಜಿಂಬಾಬ್ವೆಯ ಬಿಂದುರಾ ಮತ್ತು ಶಾಮ್ವಾ ಜಿಲ್ಲೆಗಳ 16 ಆಸ್ಪತ್ರೆಗಳಲ್ಲಿ ಜ್ವಾಂದಿರಿ ಕ್ರಮವನ್ನು ಪರೀಕ್ಷಿಸಿದರು. ಅದರಲ್ಲಿ ಮನೆಭೇಟಿ, ತಿಂಗಳ ಸಭೆ, ಫೋನ್ ಕರೆ, ಸಂದೇಶ ಎಲ್ಲವೂ ಸೇರಿದ್ದವು. ಸುಮಾರು ಎರಡು ವರ್ಷಗಳ ನಂತರ, ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ನೂರಕ್ಕೆ 36 ಮಂದಿಗೆ ವೈರಸ್ ಹತೋಟಿ ತಪ್ಪಿತ್ತು ಅಥವಾ ಸಾವು ಸಂಭವಿಸಿತ್ತು. ಗೆಳೆಯರ ಜೊತೆಯಿದ್ದವರಲ್ಲಿ ಅದು ನೂರಕ್ಕೆ 25. ಈ ವರದಿ 2020ರಲ್ಲಿ ಪ್ರಕಟವಾಯಿತು. ಮಾತ್ರೆ ಇಬ್ಬರಿಗೂ ಸಿಗುತ್ತಿತ್ತು. ಒಬ್ಬರಿಗೆ ಮಾತ್ರ ಜೊತೆಗಾರರಿದ್ದರು.

ಫೋನಿನಲ್ಲಿ ಅಪಾಯವೂ ಇದೆ. ಮನೆಗೆಲ್ಲ ಒಂದೇ ಫೋನ್ ಇದ್ದರೆ ಗುಟ್ಟು ಉಳಿಯುವುದು ಕಷ್ಟ. ತೆರೆಯ ಮೇಲೆ ಮಿನುಗಿದ ಒಂದು ಸಾಲು ಸಾಕು. ಒಬ್ಬರ ವಿಷಯ ಹೇಳುವ ಹಕ್ಕು ಅವರದ್ದೇ. ಭಾರತದಲ್ಲಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯೂ ಅದನ್ನೇ ಹೇಳುತ್ತದೆ: ತನಗೆ ಎಚ್‌ಐವಿ ಇದೆಯೆಂದು ಬಹಿರಂಗಪಡಿಸುವಂತೆ ಸಾಮಾನ್ಯವಾಗಿ ಯಾರನ್ನೂ ಬಲವಂತ ಮಾಡುವಂತಿಲ್ಲ.

ಗೆಳೆಯರೇ, ನಿಮ್ಮ ತರಗತಿಯಲ್ಲೋ, ಊರಿನ ನೆಂಟರಲ್ಲೋ ಇಂಥ ಗುಟ್ಟನ್ನು ಹೊತ್ತವರು ಇರಬಹುದು. ಅವರು ನಿಮಗೆ ಹೇಳಲೇಬೇಕೆಂದಿಲ್ಲ. ಹೇಳಿದರೆ, ಆ ಮಾತು ನಿಮ್ಮಲ್ಲೇ ಉಳಿಯಲಿ. ಅವರ ಜೊತೆ ಕೂತು ಊಟ ಮಾಡಿ. ನಾಲ್ಕು ಜನ ಏನಂತಾರೆ ಎಂದು ಯಾರಾದರೂ ಹೆದರಿದಾಗ, ಆ ನಾಲ್ಕು ಜನರಲ್ಲಿ ನೀವೂ ಒಬ್ಬರು ಎಂಬುದು ನೆನಪಿರಲಿ.