ಲೇಥ್ರಾಪ್ ಬಾಯಿಯವರ ಇಲಿಗಳು

ಗಣಪತಿ ಕೂತ ಮರುದಿನ ನಮ್ಮ ಕಡೆ ಇಲಿವಾರ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನನ್ನ ತಂಗಿಯ ಮನೆ. ಅಂದು ಆ ಮನೆಯಲ್ಲಿ ಮಗ್ಗ ಸದ್ದು ಮಾಡುವುದಿಲ್ಲ. ನೂಲು ಕಡಿಯಬೇಡ, ಸೀರೆ ಹರಿಯಬೇಡ ಎಂದು ಇಲಿರಾಯನಿಗೆ ಎಡೆ ಇಟ್ಟು ಕೈಮುಗಿಯುತ್ತಾರೆ. 2006ರ ಇಲಿವಾರಕ್ಕೆ ನಾನು ರೋಣದಿಂದ ಹೋದಾಗ ತಂಗಿಯ ಒಂಬತ್ತು ವರ್ಷದ ಮಗಳು ಮೂಲೆಯಲ್ಲಿ ಕೌದಿ ಹೊದ್ದು ಕೂತಿದ್ದಳು. ಕಣ್ಣು ಅರಿಷಿಣದಂತೆ ಹಳದಿ. ಅದು ಮೂರನೆಯ ಸಲ.

ಕಾಮಣಿ ಅಂದರೆ ನಮ್ಮಲ್ಲಿ ಯಾರೂ ಹೆಚ್ಚು ವಿಚಾರ ಮಾಡುವುದಿಲ್ಲ. ಎಲೆಯ ರಸ ಕುಡಿಸುವುದು, ಉಪ್ಪು ಖಾರ ಎಣ್ಣೆ ಬಿಡಿಸುವುದು, ಹತ್ತು ದಿನಕ್ಕೆ ಇಳಿಯಿತೆಂದರೆ ಔಷಧ ಕೊಟ್ಟವನಿಗೆ ಕಾಯಿ ಒಯ್ದು ಕೊಡುವುದು. ಮೊದಲ ಎರಡು ಸಲ ನಾನೂ ‘ಹಾಂಗ ಮಾಡ್ರಿ’ ಎಂದವಳೇ. ಓದಿದ ಅಕ್ಕ ಹೇಳಿದಳೆಂದು ತಂಗಿ ಕೇಳಿದಳು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಮೂರನೆಯ ಸಲ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ವೈದ್ಯರು ಹುಡುಗಿಯ ಎಡ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ನೋಡಿ, ಗುಲ್ಮ ದೊಡ್ಡದಾಗಿದೆ ಎಂದರು. ಮನೆಯಲ್ಲಿ ಮತ್ತೆ ಯಾರಿಗಾದರೂ ಹೀಗೆ ಇತ್ತೇ ಎಂದು ಕೇಳಿದರು. ಆಗ ನೆನಪಾಯಿತು, ಅವಳ ಅಜ್ಜಿಯ ಕಣ್ಣು ಸದಾ ಹಳದಿ, ಪಿತ್ತಕೋಶದಲ್ಲಿ ಹರಳಾಗಿ ಶಸ್ತ್ರಕ್ರಿಯೆಯೂ ಆಗಿತ್ತು. ರಕ್ತ ತೆಗೆದು ಪರೀಕ್ಷಿಸಿದರು. ಕೆಂಪು ರಕ್ತಕಣಗಳು ಬಿಲ್ಲೆಯಂತೆ ಚಪ್ಪಟೆಯಾಗಿ ಇರಬೇಕಾದವು, ಇವಳಲ್ಲಿ ಕಡಲೆಯಂತೆ ಗುಂಡಗಾಗಿವೆ, ಇದು ವಂಶದಿಂದ ಬಂದದ್ದು ಎಂದರು. ತಂಗಿಗೆ ಕೇಳಿಸಿದ್ದು ‘ರಕ್ತದ ರೋಗ’ ಎಂಬ ಎರಡೇ ಶಬ್ದ. ಸಿನಿಮಾದಲ್ಲಿ ರಕ್ತದ ರೋಗವೆಂದರೆ ಒಂದೇ ಅಲ್ಲವೇ? ಆಕೆ ದಾರಿಯುದ್ದಕ್ಕೂ ಸೆರಗಿನಲ್ಲಿ ಅತ್ತಳು. ಹುಡುಗಿ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, “ದೊಡ್ಡವ್ವ, ನನಗ ಕ್ಯಾನ್ಸರ್ ಆಗೇತೇನು?” ಎಂದಳು.

ಇಲ್ಲವ್ವಾ ಎಂದೆ. ಆದರೆ ಯಾಕೆ ಅಲ್ಲ ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಇತಿಹಾಸ ಕಲಿಸುವವಳು ನಾನು. ನರಗುಂದದ ಬಾಬಾಸಾಹೇಬರ 1858ರ ಬಂಡಾಯವನ್ನು ಗಂಟೆಗಟ್ಟಲೆ ಹೇಳಬಲ್ಲೆ, ರಕ್ತಕಣದ ಬಗ್ಗೆ ಎರಡು ವಾಕ್ಯ ಬರುತ್ತಿರಲಿಲ್ಲ. ಅಂದಿನಿಂದ ಸಿಕ್ಕಿದ್ದನ್ನು ಓದುತ್ತ ಬಂದೆ. ಓದುತ್ತ ಹೋದ ಹಾಗೆ ಅದೂ ಒಂದು ಇತಿಹಾಸವೇ ಎಂದು ತಿಳಿಯಿತು. ಆ ಇತಿಹಾಸದ ಬಾಗಿಲಲ್ಲಿ ನಿಂತವಳು ನನ್ನಂಥ ಒಬ್ಬ ಶಾಲೆಯ ಬಾಯಿ.

ಅವಳ ಹೆಸರು ಆಬಿ ಲೇಥ್ರಾಪ್. ಹುಟ್ಟಿದ್ದು 1868ರಲ್ಲಿ, ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ. ಕೆಲ ಕಾಲ ಶಾಲೆಯಲ್ಲಿ ಕಲಿಸಿದಳು, ಮೈಯಲ್ಲಿ ರಕ್ತ ನಿಲ್ಲದ ಕಾಯಿಲೆಯಿಂದ ಬಿಟ್ಟಳು. ಮ್ಯಾಸಚೂಸೆಟ್ಸಿನ ಗ್ರ್ಯಾನ್‌ಬಿ ಎಂಬ ಊರಿಗೆ ಬಂದು ಕೋಳಿ ಸಾಕಿದಳು, ಕೈಹತ್ತಲಿಲ್ಲ. ಆಮೇಲೆ ಸುಂಡಿಲಿ ಸಾಕಿದಳು. ಬಿಳಿ, ಕರಿ, ಕಂದು ಬಣ್ಣದ ಇಲಿಗಳನ್ನು ಮನೆಯಲ್ಲಿ ಸಾಕುವ ಶೋಕಿ ಆಗ ಆ ದೇಶದಲ್ಲಿತ್ತು. ಪ್ರಯೋಗಶಾಲೆಗಳೂ ಕೊಳ್ಳತೊಡಗಿದವು. ಒಂದು ಕಾಲಕ್ಕೆ ಅವಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಇಲಿಗಳಿದ್ದವು. ಓಟ್ಸ್ ಧಾನ್ಯ, ಬಿಸ್ಕೀಟು ಅವುಗಳ ಊಟ. ಗೂಡು ಬಳಿಯಲು ಓಣಿಯ ಮಕ್ಕಳಿಗೆ ಗಂಟೆಗೆ ಏಳು ಸೆಂಟ್ ಕೂಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅವಳ ವಹಿ. ಯಾವ ಇಲಿಗೆ ಯಾವ ಇಲಿ ಹುಟ್ಟಿತು, ಯಾವುದು ಯಾವುದರಿಂದ ಸತ್ತಿತು ಎಂದು ಬರೆದಿಡುತ್ತಿದ್ದಳು. ಕೆಲವು ಇಲಿಗಳ ಮೈಮೇಲೆ ಗಂಟು ಕಂಡು ಸುಮ್ಮನಿರದೆ ವಿಜ್ಞಾನಿಗಳಿಗೆ ಕಳಿಸಿದಳು. ಲಿಯೋ ಲೋಬ್ ಎಂಬ ರೋಗಶಾಸ್ತ್ರಜ್ಞರು ಅದನ್ನು ಕ್ಯಾನ್ಸರ್ ಎಂದರು. ಇಬ್ಬರೂ ಕೂಡಿ ಲೇಖನ ಬರೆದರು. ಕೆಲವು ವಂಶಗಳಲ್ಲಿ ಗಂಟು ಹೆಚ್ಚು, ಕೆಲವುಗಳಲ್ಲಿ ಕಡಿಮೆ. ಅಂಡಾಶಯ ತೆಗೆದರೆ ಸ್ತನದ ಗಂಟು ಇಳಿಮುಖವಾಗುತ್ತದೆ ಎಂಬುದು ಆ ಮನೆಯ ಇಲಿಗಳಿಂದ ತಿಳಿದದ್ದು. ಸಂಸಾರದ ಖರ್ಚು ಬರೆಯುವ ಹೆಂಗಸಿನ ಶಿಸ್ತು ಅದು ಎಂದು ನನಗೆ ಅನಿಸುತ್ತದೆ. 1918ರಲ್ಲಿ ಅವಳು ಅದೇ ರಕ್ತದ ಕಾಯಿಲೆಯಿಂದ ತೀರಿಕೊಂಡಳು. ಯಕೃತ್ತನ್ನು ಆಹಾರವಾಗಿ ಕೊಟ್ಟರೆ ಆ ಕಾಯಿಲೆ ಹಿಡಿತಕ್ಕೆ ಬರುತ್ತದೆಂದು ಜಗತ್ತಿಗೆ ಗೊತ್ತಾದದ್ದು 1926ರಲ್ಲಿ. ಎಂಟು ವರ್ಷದ ಅಂತರ.

ಅವಳಿಂದ ಕೊಂಡ ಐವತ್ತೇಳನೆಯ ಸಂಖ್ಯೆಯ ಹೆಣ್ಣಿಲಿಯಿಂದ ಸಿ. ಸಿ. ಲಿಟಲ್ ಎಂಬವರು 1921ರಲ್ಲಿ ಒಂದು ಕರಿ ಇಲಿಯ ವಂಶವನ್ನು ಬೆಳೆಸಿದರು. ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆ ವಂಶದ ಇಲಿಗಳೇ. 2002ರಲ್ಲಿ ಇಲಿಯ ವಂಶಲಿಪಿಯನ್ನು ಓದಿದಾಗ ಓದಿದ್ದೂ ಅದರದ್ದೇ. ಲಿಟಲ್ 1929ರಲ್ಲಿ ಬಾರ್ ಹಾರ್ಬರ್ ಎಂಬ ಕಡಲೂರಿನಲ್ಲಿ ಜ್ಯಾಕ್ಸನ್ ಪ್ರಯೋಗಶಾಲೆ ತೆರೆದರು. 1947ರ ಕಾಡ್ಗಿಚ್ಚಿನಲ್ಲಿ ಅದರ ಬಹುಭಾಗ ಇಲಿಗಳ ಸಮೇತ ಸುಟ್ಟುಹೋಯಿತು. ಹಿಂದೆ ಅಲ್ಲಿಂದ ಇಲಿ ತರಿಸಿಕೊಂಡಿದ್ದವರು ಮರಿಗಳನ್ನು ತಿರುಗಿ ಕಳಿಸಿಕೊಟ್ಟರು. ಹೆಪ್ಪಿಗೆಂದು ಮೊಸರು ಒಯ್ದ ನೆರೆಯವರು ನಮ್ಮ ಹಾಲು ಒಡೆದ ದಿನ ಅದನ್ನೇ ತಂದುಕೊಟ್ಟ ಹಾಗೆ.

ಆ ಶಾಲೆಯ ಕೆಲವು ಇಲಿಮರಿಗಳು ಹುಟ್ಟುತ್ತಲೇ ಹಳದಿಯಾಗಿದ್ದವು. ನಮ್ಮ ಹುಡುಗಿಯ ಹಾಗೆಯೇ.

ಇಲ್ಲಿ ಕಥೆಗೆ ದೆವ್ವ ಬರುತ್ತದೆ. ರಕ್ತಕಣಗಳನ್ನು ನೀರಿಗೆ ಹಾಕಿದರೆ ಉಬ್ಬಿ ಕೆಂಪೆಲ್ಲ ಹೊರಗೆ ಸೋರಿ ಬಿಳಿಚಿದ ಚೀಲ ಮಾತ್ರ ಉಳಿಯುತ್ತದೆ. ಅದನ್ನು ವಿಜ್ಞಾನಿಗಳು ರಕ್ತಕಣದ ದೆವ್ವ ಎಂದೇ ಕರೆಯುತ್ತಿದ್ದರು. 1968ರಲ್ಲಿ ಅಮೆರಿಕದ ಮಾರ್ಕೇಸಿ ಮತ್ತು ಸ್ಟೀರ್ಸ್ ಆ ಚೀಲದಿಂದ ಒಂದು ಪ್ರೋಟೀನನ್ನು ಬಿಡಿಸಿ ತೆಗೆದರು. ದೆವ್ವದಿಂದ ಬಂದದ್ದಕ್ಕೆ ದೆವ್ವದ ಹೆಸರು, ಸ್ಪೆಕ್ಟ್ರಿನ್. ಚೀಲದ ಒಳಮೈಗೆ ಅಂಟಿಕೊಂಡು ಆರು ಮೂಲೆಯ ಕಣ್ಣುಗಳ ಜಾಳಿಗೆಯಂತೆ ಅದು ಹರಡಿರುತ್ತದೆ. ಕಣ ಹಿಂಡಿಸಿಕೊಂಡು ಸಣ್ಣ ನಾಳದಲ್ಲಿ ತೂರಿ ಮತ್ತೆ ತನ್ನ ಆಕಾರಕ್ಕೆ ಬರುವುದು ಈ ಜಾಳಿಗೆಯ ಬಲದಿಂದ. ಅದನ್ನು ಪೊರೆಗೆ ಬಿಗಿಯುವ ಇನ್ನೊಂದು ಪ್ರೋಟೀನು ಆಂಕಿರಿನ್ ಎಂದು 1979ರಲ್ಲಿ ತಿಳಿಯಿತು, ಹೆಸರಿನ ಮೂಲ ಹಡಗಿನ ಲಂಗರು. ಇವುಗಳಲ್ಲಿ ಯಾವುದೊಂದು ಕಡಿಮೆಯಾದರೂ ಪೊರೆ ಚೂರುಚೂರಾಗಿ ಉದುರುತ್ತ ಕಣ ಗುಂಡಗಾಗುತ್ತದೆ, ಗುಲ್ಮದ ಸಂದಿಯಲ್ಲಿ ಸಿಕ್ಕಿಬಿದ್ದು ಒಡೆಯುತ್ತದೆ. ನೂರಿಪ್ಪತ್ತು ದಿನ ಬಾಳುವ ಕಣ ಕೆಲವೇ ವಾರದಲ್ಲಿ ಮುಗಿಯುತ್ತದೆ. ಒಡೆದ ರಕ್ತದ ಬಣ್ಣವೇ ಕಣ್ಣಿನ ಹಳದಿ. ಜ್ಯಾಕ್ಸನ್ ಶಾಲೆಯ ಗುಂಡುಕಣದ ಇಲಿಗಳಲ್ಲಿ ಸ್ಪೆಕ್ಟ್ರಿನ್ ಬಹಳ ಕಡಿಮೆ ಎಂದು 1978ರಲ್ಲಿ ಪ್ರಕಟವಾಯಿತು. ಬೆಲ್ಜಿಯಂನ ಇಬ್ಬರು ವೈದ್ಯರು ಈ ಕಾಯಿಲೆಯನ್ನು 1871ರಲ್ಲೇ ವರ್ಣಿಸಿದ್ದರು. ಕಾರಣದ ಎಳೆ ಸಿಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಹಾಗಾದರೆ ಕ್ಯಾನ್ಸರ್? ಹುಡುಗಿಯ ಪ್ರಶ್ನೆ ಅಷ್ಟು ಹುಚ್ಚು ಪ್ರಶ್ನೆಯಲ್ಲ ಎಂದು ನನಗೆ ಬಹಳ ತಡವಾಗಿ ತಿಳಿಯಿತು. ಸ್ಪೆಕ್ಟ್ರಿನ್ನಿನ ಅಕ್ಕತಂಗಿಯರು ರಕ್ತದಲ್ಲಷ್ಟೇ ಅಲ್ಲ, ಮಿದುಳು, ಯಕೃತ್ತು, ಕರುಳಿನ ಕಣಗಳಲ್ಲೂ ಇದ್ದಾರೆ. 1981ರಲ್ಲಿ ಮಿದುಳಿನಲ್ಲಿ ಸಿಕ್ಕವಳಿಗೆ ಫೋಡ್ರಿನ್ ಎಂದು ಹೆಸರಿಟ್ಟರು, ಅರ್ಥ ಬಟ್ಟೆಯ ಒಳಗಿನ ಅಸ್ತರು. ಕೌದಿ ಹೊಲಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮೇಲಿನ ಅರಿವೆ ಎಷ್ಟೇ ಚೆಂದವಿರಲಿ ಒಳಗಿನ ಹೊಲಿಗೆ ಬಿಚ್ಚಿದರೆ ಕೌದಿ ಮುದ್ದೆಯಾಗುತ್ತದೆ. ಆದರೆ ಕಣದಲ್ಲಿ ಈ ಅಸ್ತರಿಗೆ ಮತ್ತೊಂದು ಕೆಲಸವೂ ಇದೆ. ‘ಸಾಕು, ಇನ್ನು ಬೆಳೆಯಬೇಡ’ ಎಂದು ಹೊರಗಿನಿಂದ ಬರುವ ಸುದ್ದಿಯನ್ನು ಕಣದ ನಡುಮನೆಗೆ ಮುಟ್ಟಿಸುವವರ ಜೊತೆಗೆ ಅದೂ ಕೈಗೂಡಿಸುತ್ತದೆ. ಭಾರತೀಯ ಮೂಲದ ವೈದ್ಯೆ ಲೋಪಾ ಮಿಶ್ರಾ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಸಿಗದ ಮರಿಗಳು ಹೊಟ್ಟೆಯಲ್ಲೇ ಸಾಯುತ್ತವೆ. ಒಂದೇ ಪ್ರತಿ ಸಿಕ್ಕವು ಹುಟ್ಟಿ ಬೆಳೆಯುತ್ತವೆ, ಮುಂದೆ ಅವುಗಳಲ್ಲಿ ಹಲವಕ್ಕೆ ಯಕೃತ್ತಿನ ಕ್ಯಾನ್ಸರ್ ಬರುತ್ತದೆ. ಇಷ್ಟಕ್ಕೆ ಮುಗಿಯಲಿಲ್ಲ. 2021ರಲ್ಲಿ ಅವರದೇ ಗುಂಪು, ಕೊಬ್ಬು ಸಕ್ಕರೆ ಹೆಚ್ಚು ತಿಂದ ಇಲಿಯ ಯಕೃತ್ತಿನಲ್ಲಿ ಇದೇ ಪ್ರೋಟೀನು ತುಂಡಾಗಿ, ಆ ತುಂಡುಗಳೇ ಹಾನಿಗೆ ಕಾರಣವಾಗುತ್ತವೆ ಎಂದು ತೋರಿಸಿತು. ಇಲ್ಲದಿದ್ದರೂ ಕಷ್ಟ, ಇದ್ದು ಕೆಟ್ಟರೂ ಕಷ್ಟ.

ಯಕೃತ್ತಿನ ಮಾತು ಬಂತೆಂದು ಒಂದು ಸಂಗತಿ ಹೇಳಿಬಿಡುತ್ತೇನೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಶೇಂಗಾ ಹಿಂಡಿ ತಿಂದು ಸತ್ತವು. ಕಾರಣ ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ. ಮನುಷ್ಯರಿಗೂ ಅದು ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ನಮ್ಮದು ಶೇಂಗಾ ನಾಡು. ಬೂಸ್ಟು ಹಿಡಿದ ಕಾಳನ್ನು ‘ಹಿಂಡಿಗಾದರೂ ಆದೀತು’ ಎಂದು ಕುಟ್ಟಿಡುವ ಅಭ್ಯಾಸ ನನಗೂ ಇತ್ತು. ಈಗ ತಿಪ್ಪೆಗೆ ಹಾಕುತ್ತೇನೆ, ಅತ್ತೆಯವರು ಬೈದರೂ.

ನಮ್ಮ ಹುಡುಗಿಗೆ ನಾನು ಉತ್ತರ ಕೊಟ್ಟದ್ದು ಅವಳ ಮದುವೆಯ ಮಾತುಕತೆ ನಡೆದಾಗ, 2019ರಲ್ಲಿ. ರಕ್ತದ ಜಾಳಿಗೆ ಬೇರೆ, ಯಕೃತ್ತಿನ ಅಸ್ತರು ಬೇರೆ. ಎರಡರ ಜೀನೂ ಬೇರೆ. ನಿನ್ನದು ಕ್ಯಾನ್ಸರ್ ಅಲ್ಲ, ಅದರ ಬೀಜವೂ ಅಲ್ಲ ಎಂದೆ. ಆದರೆ ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ. ಇದನ್ನು ಗಂಡಿನ ಕಡೆಯವರಿಗೆ ಹೇಳುವುದೋ ಬೇಡವೋ ಎಂದು ಮನೆಯಲ್ಲಿ ಮೂರು ದಿನ ಜಗಳವಾಯಿತು. ತಂಗಿ, “ಬಾಯಿ ಮುಚ್ಚಿಕೊಂಡು ಕೂಡು ಅಕ್ಕಾ, ಹುಡುಗಿ ಮನ್ಯಾಗ ಉಳೀತಾಳ” ಎಂದಳು. ಹುಡುಗಿಯೇ ಹೋಗಿ ಹೇಳಿದಳು. ನರಗುಂದದ ಆ ಹುಡುಗ ಪಿತ್ತಕೋಶ ಎಲ್ಲಿರುತ್ತದೆ ಎಂದು ಕೇಳಿ, ತೋರಿಸಿದ ಮೇಲೆ ಚಹಾ ಕುಡಿದು ಹೋದನಂತೆ. ಹತ್ತು ದಿನ ಸುದ್ದಿಯಿರಲಿಲ್ಲ. ಹನ್ನೊಂದನೆಯ ದಿನ ಹಿರಿಯರು ಬಂದರು.

ಮೊನ್ನೆ ನರಗುಂದದಿಂದ ಫೋನು ಬಂದಿತ್ತು. “ದೊಡ್ಡವ್ವ, ಹುಡುಗನ ರಕ್ತ ತೋರಿಸಿದ್ವಿ. ಅವನವೂ ಗುಂಡಗ ಅದಾವಂತ. ಫೋಲಿಕ್ ಗುಳಿಗಿ ಬರದುಕೊಟ್ಟಾರ, ಗುಲ್ಮ ಸದ್ಯಕ್ಕ ತೆಗಿಯೂದು ಬ್ಯಾಡಂತ.” ಹಿಂದಿನಿಂದ ಹುಡುಗ ಏನಕ್ಕೋ ಹಟ ಹಿಡಿದು ಅಳುವುದು ಕೇಳುತ್ತಿತ್ತು. ಕಣ್ಣು ಹಳದಿ ಆಗ್ಯಾವೇನು ಎಂದೆ. “ಸ್ವಲ್ಪ,” ಎಂದಳು, “ನನ್ನಷ್ಟಲ್ಲ.”